ಲಿವರ್ ಗೆಡ್ಡೆಗೆ ತಾಯಿಕೋಶ ಯಾವುದು: ಓವಲ್ ಕೋಶವೋ, ಹೆಪಟೊಸೈಟೋ?

ಪ್ರಶ್ನೆ: ಗಂಡು ಇಲಿಗಳಿಗೆ ಡಿಇಎನ್ (ಡೈಇಥೈಲ್‌ನೈಟ್ರೋಸಮೀನ್) ಎಂಬ ಕ್ಯಾನ್ಸರ್ ತರುವ ರಾಸಾಯನಿಕ ಕೊಟ್ಟು, ಎರಡು ವಾರ ಬಿಟ್ಟು 2-ಎಎಎಫ್ ಎಂಬ ಇನ್ನೊಂದು ರಾಸಾಯನಿಕ ಬೆರೆಸಿದ ಆಹಾರ ಹಾಕಿ, ನಡುವೆ ಲಿವರಿನ ಮೂರನೇ ಎರಡು ಭಾಗ ತೆಗೆಯುವ ಪ್ರಯೋಗ ಮಾಡುತ್ತಿದ್ದೇನೆ. ಸ್ಲೈಡಿನಲ್ಲಿ ಪೋರ್ಟಲ್ ಜಾಗದ (ರಕ್ತನಾಳ, ಪಿತ್ತನಾಳ ಒಟ್ಟಿಗೆ ಹಾಯುವ ಜಾಗ) ಸುತ್ತ ಓವಲ್ ಕೋಶಗಳು (ಸಣ್ಣ, ಮೊಟ್ಟೆಯಾಕಾರದ ಕೋಶಗಳು) ಮುತ್ತಿಕೊಂಡಿವೆ, ಪಕ್ಕದಲ್ಲೇ ಜಿಎಸ್‌ಟಿ-ಪಿ (ಬದಲಾದ ಲಿವರ್ ಕೋಶಗಳಲ್ಲಿ ಏರುವ ಕಿಣ್ವ) ಪಾಸಿಟಿವ್ ಗಂಟುಗಳಿವೆ. ಕ್ಯಾನ್ಸರ್ ಹುಟ್ಟುವುದು ಓವಲ್ ಕೋಶದಿಂದ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ, ಹೊಸ ಲೇಖನಗಳು ಹೆಪಟೊಸೈಟ್ (ಲಿವರಿನ ಮುಖ್ಯ ಕೋಶ) ಎನ್ನುತ್ತವೆ. ಪ್ರಬಂಧದಲ್ಲಿ ಯಾವುದನ್ನು ಬರೆಯಲಿ?

ಉತ್ತರ: ಹೆಪಟೊಸೆಲ್ಯುಲರ್ ಕಾರ್ಸಿನೋಮ ಎಂಬ ಸಾಮಾನ್ಯ ಲಿವರ್ ಕ್ಯಾನ್ಸರಿನ ಮಟ್ಟಿಗೆ ಇಂದಿನ ಪುರಾವೆಯ ತೂಕ ಹೆಪಟೊಸೈಟ್ ಕಡೆಗಿದೆ. ಆದರೆ ನಿಮ್ಮ ಸ್ಲೈಡುಗಳು ಅದನ್ನು ಸಾಬೀತು ಮಾಡುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಪ್ರಬಂಧದಲ್ಲಿ ಉಳಿಸಿಕೊಂಡರೆ ಸಾಕು. ಆ ಅಂತರ ಯಾಕೆ ಇದೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲಿಗೆ ಒಂದು ಮಾತು: ಕನ್ನಡದಲ್ಲಿ ಮೌಸ್, ರ‍್ಯಾಟ್ ಎರಡಕ್ಕೂ ಇಲಿ ಎಂದುಬಿಡುತ್ತೇವೆ. ಈ ವಿಷಯದಲ್ಲಿ ಅವೆರಡೂ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ, ಹಾಗಾಗಿ ಮೌಸನ್ನು ಸುಂಡಿಲಿ ಎಂದೂ ರ‍್ಯಾಟನ್ನು ಇಲಿ ಎಂದೂ ಬರೆಯುತ್ತೇನೆ.

ನಿಮ್ಮ ಪ್ರಯೋಗದಿಂದಲೇ ಶುರು ಮಾಡೋಣ. ಇದು 1976ರಲ್ಲಿ ಸೋಲ್ಟ್ ಮತ್ತು ಫಾರ್ಬರ್ ಪ್ರಕಟಿಸಿದ ಮಾದರಿ. ದೇಹದ ತೂಕದ ಪ್ರತಿ ಕೆಜಿಗೆ 200 ಮಿ.ಗ್ರಾಂ ಡಿಇಎನ್ ಒಂದೇ ಸಲ. ಎರಡು ವಾರದ ನಂತರ ಆಹಾರದಲ್ಲಿ 0.02% 2-ಎಎಎಫ್ ಎರಡು ವಾರ. ಆ ಎರಡು ವಾರಗಳ ಮಧ್ಯದಲ್ಲಿ ಹೆಪಟೆಕ್ಟಮಿ, ಅಂದರೆ ಲಿವರಿನ ಭಾಗ ತೆಗೆಯುವುದು. 2-ಎಎಎಫ್ ಅನ್ನು ಹೆಪಟೊಸೈಟ್‌ಗಳೇ ತಮ್ಮ ಕಿಣ್ವಗಳಿಂದ ವಿಷವಾಗಿ ಪರಿವರ್ತಿಸಿಕೊಳ್ಳುತ್ತವೆ, ಆ ವಿಷದಿಂದಲೇ ಅವುಗಳ ವಿಭಜನೆ ನಿಲ್ಲುತ್ತದೆ. ಅಷ್ಟರಲ್ಲಿ ಲಿವರಿನ ಬಹುಭಾಗ ಕತ್ತರಿಸಿ ತೆಗೆದಿರುತ್ತೀರಿ. ಉಳಿದ ಲಿವರಿಗೆ ಬೆಳೆಯಬೇಕೆಂಬ ಒತ್ತಡ, ಬೆಳೆಯಬೇಕಾದ ಕೋಶಗಳಿಗೆ ತಡೆ. ಆಗ ಯಾರಿಗೆ ಈ ತಡೆ ತಟ್ಟುವುದಿಲ್ಲವೋ ಅವರು ಮುಂದೆ ಬರುತ್ತಾರೆ. ಅಂಥವರು ಎರಡು ಬಗೆ. ಒಂದು, ಡಿಇಎನ್‌ನಿಂದ ಮೊದಲೇ ಬದಲಾಗಿ, ವಿಷ ತಯಾರಿಸುವ ಸೈಟೋಕ್ರೋಮ್ ಪಿ450 ಕಿಣ್ವಗಳು ತಗ್ಗಿ, ವಿಷ ನಿವಾರಿಸುವ ಜಿಎಸ್‌ಟಿ-ಪಿ ಏರಿದ ಹೆಪಟೊಸೈಟ್‌ಗಳು. ಇನ್ನೊಂದು, 2-ಎಎಎಫ್ ಅನ್ನು ಸಕ್ರಿಯಗೊಳಿಸುವ ಶಕ್ತಿ ಮೊದಲಿಂದಲೂ ಕಡಿಮೆ ಇರುವ ಸಣ್ಣ ಪಿತ್ತನಾಳಗಳ ಕೋಶಗಳು. ಓವಲ್ ಕೋಶಗಳು ಬರುವುದು ಅಲ್ಲಿಂದ.

ಅಂದರೆ ಗಂಟು ಮತ್ತು ಓವಲ್ ಕೋಶ ಒಂದೇ ವಾರದಲ್ಲಿ, ಒಂದೇ ಜಾಗದಲ್ಲಿ ಕಾಣಿಸಿಕೊಂಡದ್ದು ಒಂದರಿಂದ ಇನ್ನೊಂದು ಹುಟ್ಟಿತು ಎಂಬ ಕಾರಣಕ್ಕಲ್ಲ. ಒಂದೇ ತಡೆ ಇಬ್ಬರಿಗೂ ದಾರಿ ಬಿಟ್ಟುಕೊಟ್ಟಿದೆ. ಸ್ಥಳದಲ್ಲಿ ಸಿಕ್ಕವನೇ ಕಳ್ಳ ಎನ್ನುವ ತೀರ್ಮಾನ ಈ ಕ್ಷೇತ್ರದಲ್ಲಿ ದಶಕಗಟ್ಟಲೆ ನಡೆದಿದೆ. ಫಾರ್ಬರ್ 1956ರಲ್ಲಿ ಈ ಕೋಶಗಳನ್ನು ವಿವರಿಸಿದಾಗ, ಎಥಿಯೋನಿನ್, 2-ಎಎಎಫ್, ಅಜೋ ಬಣ್ಣ ಹೀಗೆ ಮೂರು ಬೇರೆ ಬೇರೆ ರಾಸಾಯನಿಕ ಕೊಟ್ಟರೂ ಲಿವರಿನಲ್ಲಿ ಮೊದಮೊದಲ ಬದಲಾವಣೆಗಳು ಒಂದೇ ಸರಣಿಯಲ್ಲಿ ಬರುತ್ತವೆ ಎಂದು ತೋರಿಸಿದ್ದರು. ಅಷ್ಟು ನಿಯಮಿತವಾಗಿ ಕ್ಯಾನ್ಸರಿಗೆ ಮುಂಚೆ ಕಾಣುವ ಕೋಶವೇ ಕ್ಯಾನ್ಸರಿನ ಮೂಲ ಎಂದುಕೊಳ್ಳುವುದು ಸಹಜವಾಗಿತ್ತು. ಆಗ ಅದನ್ನು ಪರೀಕ್ಷಿಸುವ ಉಪಕರಣ ಇರಲಿಲ್ಲ, ಅಷ್ಟೇ.

ಈಗ ಮೂಲ ಪ್ರಶ್ನೆಗೆ ಬರೋಣ. ರಾಸಾಯನಿಕದಿಂದ ಗೆಡ್ಡೆಯಾಗಲು ಒಂದೇ ಕೋಶದಲ್ಲಿ ಮೂರು ಸಂಗತಿಗಳು ಕೂಡಿಬರಬೇಕು: ಆ ಕೋಶದ ಡಿಎನ್‌ಎಗೆ ವಿಷ ತಗುಲಬೇಕು, ತಗುಲಿದ ಮೇಲೂ ಕೋಶ ಬದುಕಿರಬೇಕು, ಹಾನಿ ರಿಪೇರಿಯಾಗುವ ಮುಂಚೆ ಅದು ವಿಭಜನೆಯಾಗಬೇಕು. ಯಾವ ಕೋಶದಲ್ಲಿ ಈ ಮೂರೂ ಸೇರುತ್ತವೆ ಎನ್ನುವುದು ರಾಸಾಯನಿಕದಿಂದ ರಾಸಾಯನಿಕಕ್ಕೆ ಬದಲಾಗುತ್ತದೆ. "ಲಿವರ್ ಕ್ಯಾನ್ಸರಿನ ಮೂಲಕೋಶ ಯಾವುದು" ಎಂದು ಕೇಳುವುದಕ್ಕಿಂತ "ಈ ರಾಸಾಯನಿಕ, ಈ ಪ್ರಮಾಣ, ಈ ವಯಸ್ಸಿನಲ್ಲಿ ಯಾವ ಕೋಶ" ಎಂದು ಕೇಳಬೇಕು ಎನ್ನುವುದು ಅದಕ್ಕೇ.

ಡಿಇಎನ್ ತಾನಾಗಿಯೇ ಡಿಎನ್‌ಎಗೆ ಅಂಟುವುದಿಲ್ಲ. ಮುಖ್ಯವಾಗಿ ಸಿವೈಪಿ2ಇ1 ಎಂಬ ಕಿಣ್ವ ಅದರ ಒಂದು ಇಂಗಾಲದ ಮೇಲೆ ಹೈಡ್ರಾಕ್ಸಿಲ್ ಕೂರಿಸುತ್ತದೆ. ಆ ಅಣು ನಿಲ್ಲಲಾರದೆ ಒಡೆದು, ಅಸಿಟಾಲ್ಡಿಹೈಡ್ ಕಳಚಿಕೊಂಡು, ಕೊನೆಗೆ ಇಥೈಲ್ ಡಯಜೋನಿಯಂ ಆಗುತ್ತದೆ. ಡಿಎನ್‌ಎಗೆ ಇಥೈಲ್ ಗುಂಪು ಅಂಟಿಸುವುದು ಅದು. ಸಿವೈಪಿ2ಇ1 ಧಾರಾಳವಾಗಿರುವುದು ಹೆಪಟೊಸೈಟ್‌ಗಳಲ್ಲಿ, ಅದರಲ್ಲೂ ಲಿವರ್ ಲೋಬ್ಯೂಲಿನ ಕೇಂದ್ರ ಅಭಿಧಮನಿಯ ಸುತ್ತಲಿನ ಸಾಲುಗಳಲ್ಲಿ. ಈ ಜೀನ್ ತೆಗೆದ ಸುಂಡಿಲಿಗಳಲ್ಲಿ ಡಿಇಎನ್ ಗೆಡ್ಡೆಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಹಾಗೆಂದು ಕಿಣ್ವ ಹೆಚ್ಚಿದ್ದಷ್ಟೂ ಒಳ್ಳೆಯ ತಾಯಿಕೋಶ ಎಂದಲ್ಲ. ಬೆಳೆದ ಪ್ರಾಣಿಗೆ ದೊಡ್ಡ ಪ್ರಮಾಣ ಕೊಟ್ಟರೆ ಕೇಂದ್ರದ ಸುತ್ತಲಿನ ಕೋಶಗಳು ಒಂದೆರಡು ದಿನದಲ್ಲಿ ಸಾಯುತ್ತವೆ, ಸತ್ತ ಕೋಶದಿಂದ ಗೆಡ್ಡೆ ಬರುವುದಿಲ್ಲ.

ವಿಭಜನೆಯ ವಿಷಯ ನೋಡಬೇಕಾದರೆ 15 ದಿನದ ಸುಂಡಿಲಿ ಮರಿಯನ್ನು ನೋಡಬೇಕು. ಆ ವಯಸ್ಸಿನಲ್ಲಿ ಅದರ ಲಿವರ್ ತಾನಾಗಿ ಬೆಳೆಯುತ್ತಿರುತ್ತದೆ. ಹಾಗಾಗಿ ಪ್ರತಿ ಕೆಜಿಗೆ 25 ಮಿ.ಗ್ರಾಂ ಡಿಇಎನ್ ಒಂದು ಸಲ ಹೊಟ್ಟೆಗೆ ಚುಚ್ಚಿದರೆ ಸಾಕು, ಬೇರೆ ಯಾವ ಪ್ರಚೋದಕವೂ ಬೇಡ. ಎಂಟರಿಂದ ಹತ್ತು ತಿಂಗಳಲ್ಲಿ ಗಂಡುಗಳಲ್ಲಿ ಬಹುತೇಕ ಎಲ್ಲಕ್ಕೂ ಗೆಡ್ಡೆ ಬರುತ್ತದೆ, ಹೆಣ್ಣುಗಳಲ್ಲಿ ಬಹಳ ಕಡಿಮೆ. ಇದೇ ಪ್ರಮಾಣವನ್ನು ಬೆಳೆದ ಸುಂಡಿಲಿಗೆ ಕೊಟ್ಟರೆ, ಮೇಲಿಂದ ಫಿನೋಬಾರ್ಬಿಟಾಲ್, ಟಿಸಿಪಿಒಬಿಒಪಿ ಅಥವಾ ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ಪ್ರಚೋದಕ ಕೊಡದೆ ಹೆಚ್ಚೇನೂ ಆಗುವುದಿಲ್ಲ. ಒಂದೇ ವಿಷ, ಒಂದೇ ಕಿಣ್ವ. ವ್ಯತ್ಯಾಸ ಇರುವುದು ಹಾನಿಯಾದ ಹೊತ್ತಿನಲ್ಲಿ ಕೋಶ ವಿಭಜಿಸುತ್ತಿತ್ತೋ ಇಲ್ಲವೋ ಎಂಬಲ್ಲಿ.

ಇಲ್ಲಿ ಫಲಿತಾಂಶ ಚದುರಿಹೋಗಲು ಸಾಮಾನ್ಯ ಕಾರಣಗಳು ಮೂರ್ನಾಲ್ಕು. 15 ದಿನದ ಮರಿ ಆರೆಂಟು ಗ್ರಾಂ ತೂಗುತ್ತದೆ. ಪ್ರತಿ ಮಿ.ಲೀ.ಗೆ 2.5 ಮಿ.ಗ್ರಾಂ ದ್ರಾವಣ ಮಾಡಿಕೊಂಡರೆ 7 ಗ್ರಾಂ ಮರಿಗೆ 70 ಮೈಕ್ರೋಲೀಟರ್. ಇಷ್ಟು ಸಣ್ಣ ಪ್ರಮಾಣದಲ್ಲಿ ಸೂಜಿ ತೆಗೆಯುವಾಗ 20 ಮೈಕ್ರೋಲೀಟರ್ ಹೊರಗೆ ಬಂದರೂ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು. ಎಲ್ಲ ಮರಿಗಳಿಗೂ ಸರಾಸರಿ ತೂಕ ಹಿಡಿದು ಚುಚ್ಚುವುದು ಇನ್ನೊಂದು ತಪ್ಪು, ಒಂದೊಂದನ್ನೂ ತೂಗಬೇಕು. ಮರಿಗಳ ವಯಸ್ಸು ನಾಲ್ಕೈದು ದಿನ ಹೆಚ್ಚಾದರೆ ಗೆಡ್ಡೆಗಳ ಸಂಖ್ಯೆ ಇಳಿಯುತ್ತದೆ. ತಳಿಯೂ ಅಷ್ಟೇ ಮುಖ್ಯ: ಸಿ3ಎಚ್ ತಳಿಗೆ ಬೇಗ ಗೆಡ್ಡೆ ಬರುತ್ತದೆ, ಸಿ57ಬಿಎಲ್/6 ತಳಿಗೆ ಸುಲಭಕ್ಕೆ ಬರುವುದಿಲ್ಲ, ಎರಡನ್ನೂ ಒಂದೇ ಗುಂಪಿನಲ್ಲಿ ಬೆರೆಸಿ ಹಾಕಿದರೆ ಅಂಕಿಗಳಿಗೆ ಅರ್ಥ ಇರುವುದಿಲ್ಲ. ಡಿಇಎನ್ ಆವಿಯಾಗುವ ದ್ರವ, ಬೆಳಕಿಗೆ ಕೆಡುತ್ತದೆ. ದ್ರಾವಣವನ್ನು ಅಂದಂದೇ ಮಾಡಿ, ಕಪ್ಪು ಬಾಟಲಿಯಲ್ಲಿಟ್ಟು, ಹುಡ್ (ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ಒಳಗೇ ಬಳಸಬೇಕು. ಅದು ಮನುಷ್ಯರಿಗೂ ವಿಷ ಎನ್ನುವುದನ್ನು ಬೇರೆ ಹೇಳಬೇಕಿಲ್ಲ, ಆದರೆ ಚುಚ್ಚಿದ ಮೇಲೆ ಪಂಜರದ ಹಾಸನ್ನೂ ವಿಷವೆಂದೇ ಪರಿಗಣಿಸಬೇಕು ಎನ್ನುವುದನ್ನು ಅನೇಕರು ಮರೆಯುತ್ತಾರೆ.

ಈ ಮರಿ-ಡಿಇಎನ್ ಗೆಡ್ಡೆಗಳ ಜೀನೋಮ್ ಓದಿದಾಗ ಸಿಕ್ಕಿದ್ದು ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದ ಅತ್ಯಂತ ಸೊಗಸಾದ ಸಾಕ್ಷ್ಯ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 300ಕ್ಕೂ ಹೆಚ್ಚು ಗೆಡ್ಡೆಗಳನ್ನು ಓದಲಾಯಿತು; ಒಂದೊಂದರಲ್ಲೂ ಸುಮಾರು 60,000 ಮ್ಯುಟೇಶನ್‌ಗಳು. ಅವುಗಳಲ್ಲಿ ಒಂದು ವಿಚಿತ್ರ ಪಕ್ಷಪಾತ ಇತ್ತು: ಒಂದು ಕ್ರೋಮೋಸೋಮಿನ ಉದ್ದಕ್ಕೂ ಮ್ಯುಟೇಶನ್‌ಗಳು ಡಿಎನ್‌ಎಯ ಎರಡು ಎಳೆಗಳಲ್ಲಿ ಒಂದರ ಥೈಮಿನ್‌ಗಳಲ್ಲೇ ಕೂತಿದ್ದವು. ವಿವರಣೆ ಸರಳ. ವಿಷ ಎರಡೂ ಎಳೆಗಳಿಗೆ ತಗುಲಿತು. ಕೋಶ ಒಮ್ಮೆ ವಿಭಜಿಸಿದಾಗ ಹಾನಿಯಾದ ಹಳೆಯ ಎಳೆಗಳು ಬೇರೆಯಾಗಿ, ಒಂದು ಎಳೆ ಒಂದು ಮಗಳು ಕೋಶಕ್ಕೆ, ಇನ್ನೊಂದು ಇನ್ನೊಂದಕ್ಕೆ ಹೋಯಿತು. ಗೆಡ್ಡೆ ಬೆಳೆದದ್ದು ಆ ಮಗಳುಗಳಲ್ಲಿ ಒಬ್ಬಳಿಂದ. ಅಂದರೆ ಬಹಳಷ್ಟು ಗೆಡ್ಡೆಗಳ ವಂಶಾವಳಿಯನ್ನು ಚುಚ್ಚುಮದ್ದಿನ ನಂತರದ ಮೊದಲ ವಿಭಜನೆಯ ತನಕ ಹಿಂದಕ್ಕೆ ಓದಬಹುದು. ಆ ಹೊತ್ತಿಗೆ ಲಿವರಿನಲ್ಲಿ ಓವಲ್ ಕೋಶಗಳ ಮೇಳವೇನೂ ಇರುವುದಿಲ್ಲ. ಹಾಗಾದರೆ ಈ ಮಾದರಿಯಲ್ಲಿ, ತಿಂಗಳುಗಳ ನಂತರದ ಓವಲ್ ಕೋಶಗಳಿಂದ ಗೆಡ್ಡೆ ಬಂತು ಎಂಬ ವಾದಕ್ಕೆ ಜಾಗ ಬಹಳ ಕಡಿಮೆ.

ನೇರ ಪುರಾವೆ ಬಂದದ್ದು ವಂಶ ಗುರುತಿನ ಪ್ರಯೋಗಗಳಿಂದ. ಹೆಪಟೊಸೈಟ್‌ನಲ್ಲಿ ಮಾತ್ರ ಕೆಲಸ ಮಾಡುವ ಟಿಬಿಜಿ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ತುಣುಕು) ಇರುವ ಎಎವಿ8 ವೈರಸ್ ಮೂಲಕ ಕ್ರಿ ಎಂಬ ಕಿಣ್ವ ಕಳಿಸಿದರೆ, ಆ ಕ್ಷಣದಲ್ಲಿ ಹೆಪಟೊಸೈಟ್ ಆಗಿದ್ದ ಕೋಶಗಳೆಲ್ಲ ಶಾಶ್ವತವಾಗಿ ಹೊಳೆಯುವ ಬಣ್ಣ ಪಡೆಯುತ್ತವೆ. ಮುಂದೆ ಅವುಗಳ ಮಕ್ಕಳು ಮೊಮ್ಮಕ್ಕಳೂ ಅದೇ ಬಣ್ಣ. 2015ರಲ್ಲಿ ಹೀಗೆ ಗುರುತು ಹಾಕಿದ ಸುಂಡಿಲಿಗಳಲ್ಲಿ ಡಿಇಎನ್ ಸೇರಿದಂತೆ ಬೇರೆ ಬೇರೆ ಮಾದರಿಗಳಲ್ಲಿ ಬಂದ ಹೆಪಟೊಸೆಲ್ಯುಲರ್ ಕಾರ್ಸಿನೋಮಗಳು ಹೆಪಟೊಸೈಟ್ ಮೂಲದವೆಂದು ಕಂಡಿತು. ಪಿತ್ತನಾಳದ ಕಡೆಯಿಂದ ಗುರುತು ಹಾಕಿದ ಪ್ರಯೋಗಗಳೂ ಅದನ್ನೇ ಹೇಳಿದವು: ನಾಳದ ಕೋಶಗಳು ಗಾಯದ ಸುತ್ತ ಹೆಚ್ಚುತ್ತವೆ, ಗೆಡ್ಡೆಯ ಒಳಗೆ ಸಿಗುವುದಿಲ್ಲ. ನಿಮ್ಮ ಪ್ರಾಣಿಯಾದ ಇಲಿಯಲ್ಲೂ 2002ರಲ್ಲಿ ಫ್ರಾನ್ಸಿನ ಸಂಶೋಧಕರು ರೆಟ್ರೋವೈರಸ್‌ನಿಂದ ಹೆಪಟೊಸೈಟ್‌ಗಳಿಗೆ ಗುರುತು ಹಾಕಿ, ಡಿಇಎನ್ ಗೆಡ್ಡೆಗಳಲ್ಲಿ ಆ ಗುರುತನ್ನು ಕಂಡರು. ಆದರೆ ರೆಟ್ರೋವೈರಸ್ ಕೆಲವೇ ಕೋಶಗಳಿಗೆ ತಗುಲುತ್ತದೆ. ಹೆಪಟೊಸೈಟ್‌ನಿಂದ ಗೆಡ್ಡೆ ಬರಬಲ್ಲದು ಎಂದು ಅದು ತೋರಿಸಿತು, ಬೇರೆಲ್ಲಿಂದಲೂ ಬರುವುದಿಲ್ಲ ಎಂದು ತೋರಿಸಲಿಲ್ಲ. ಇಲಿಯ ವಿಷಯದಲ್ಲಿ ನೀವು ಸ್ವಲ್ಪ ತಗ್ಗಿಸಿ ಬರೆಯಬೇಕಾದದ್ದು ಇದಕ್ಕೇ.

ಗುರುತಿನ ಪ್ರಯೋಗಗಳನ್ನು ಓದುವಾಗ ಮೋಸಹೋಗುವ ಜಾಗಗಳಿವೆ. ಮೊದಲನೆಯದು ಲೆಕ್ಕ. ಹೆಪಟೊಸೈಟ್‌ಗಳಲ್ಲಿ 98% ಗುರುತು ಹತ್ತಿದೆ, 150 ಗೆಡ್ಡೆಗಳಲ್ಲಿ 3 ಬಣ್ಣವಿಲ್ಲದವು ಸಿಕ್ಕವು ಎಂದುಕೊಳ್ಳಿ. ಆ ಮೂರು ಓವಲ್ ಕೋಶದ ಗೆಡ್ಡೆಗಳೆಂದು ಹೇಳಲಾಗದು. ಗುರುತು ಹತ್ತದ 2% ಹೆಪಟೊಸೈಟ್‌ಗಳಿಂದಲೇ ಅಷ್ಟು ಬರಬಹುದು. ತಿರುಗಿಸಿ ನೋಡಿದರೆ, ನಾಳದ ಕೋಶಗಳಿಗೆ ಗುರುತು ಹಾಕಿ 150ರಲ್ಲಿ ಒಂದೂ ಬಣ್ಣದ ಗೆಡ್ಡೆ ಸಿಗದಿದ್ದರೆ ಶೂನ್ಯ ಎನ್ನುವಂತಿಲ್ಲ. 95% ಖಾತ್ರಿಯ ಮೇಲ್ಮಿತಿ ಸುಮಾರು 2%. ನಾಳದ ಕೋಶಗಳಲ್ಲಿ ಗುರುತು ಹತ್ತಿದ್ದೇ 40% ಆದರೆ ಆ ಮಿತಿ 5%ಗೆ ಏರುತ್ತದೆ. ಎರಡನೆಯದು ಬಳಸುವ ಪ್ರೊಮೋಟರ್. ಸಾಕ್ಸ್9 ಎಂಬ ಜೀನನ್ನು ನಾಳದ ಕೋಶದ ಗುರುತು ಎಂದು ಬಳಸುತ್ತಾರೆ, ಆದರೆ ಪೋರ್ಟಲ್ ಜಾಗದ ಪಕ್ಕದ ಕೆಲವು ಹೆಪಟೊಸೈಟ್‌ಗಳೂ ಅದನ್ನು ಸ್ವಲ್ಪ ತೋರಿಸುತ್ತವೆ. ಕ್ರಿ ಕಿಣ್ವವನ್ನು ಚಾಲೂ ಮಾಡಲು ಕೊಡುವ ಟ್ಯಾಮೊಕ್ಸಿಫೆನ್ ಜಾಸ್ತಿಯಾದರೆ ಅವಕ್ಕೂ ಬಣ್ಣ ಹತ್ತುತ್ತದೆ. (ಟ್ಯಾಮೊಕ್ಸಿಫೆನ್ ತಾನೇ ಇಲಿಗಳಲ್ಲಿ ಲಿವರ್ ಗೆಡ್ಡೆ ತರುವ ಔಷಧ ಎನ್ನುವುದನ್ನೂ ನೆನಪಿಡಿ.) ಮೂರನೆಯದು ಸಮಯ, ನನ್ನ ಪ್ರಕಾರ ದೊಡ್ಡ ಬಲೆ ಇದೇ. ಡಿಇಎನ್ ಕೊಟ್ಟು ಆದ ಮೇಲೆ ಗುರುತು ಹಾಕಿದರೆ ನೀವು ತಿಳಿಯುವುದು, ಆ ದಿನ ಆ ಕೋಶ ಹೆಪಟೊಸೈಟ್‌ನಂತೆ ನಡೆದುಕೊಳ್ಳುತ್ತಿತ್ತು ಎಂದಷ್ಟೇ. ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಗುರುತು ವಿಷಕ್ಕಿಂತ ಮುಂಚೆ ಬೀಳಬೇಕು. ಎಣಿಸುವಾಗ ಗೆಡ್ಡೆಯೊಳಗಿನ ರಕ್ತನಾಳ, ಕುಪ್ಫರ್ ಕೋಶಗಳನ್ನು (ಲಿವರಿನ ರೋಗನಿರೋಧಕ ಕೋಶಗಳು) ಬಿಟ್ಟು ಎಚ್‌ಎನ್‌ಎಫ್4-ಆಲ್ಫಾ (ಹೆಪಟೊಸೈಟ್ ಗುರುತಿನ ಪ್ರೋಟೀನ್) ಪಾಸಿಟಿವ್ ಕೋಶಗಳನ್ನು ಮಾತ್ರ ಎಣಿಸಿದ್ದಾರೋ ನೋಡಿ.

ಸ್ಟೇನ್ (ಸ್ಲೈಡಿಗೆ ಹಾಕುವ ಬಣ್ಣ) ಗೆಡ್ಡೆಯ ಮೂಲವನ್ನು ಹೇಳುವುದಿಲ್ಲ ಎನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಗ್ಲುಟಮಿನ್ ಸಿಂಥಟೇಸ್ ಎಂಬ ಕಿಣ್ವ. ಆರೋಗ್ಯದ ಲಿವರಿನಲ್ಲಿ ಅದು ಕೇಂದ್ರ ಅಭಿಧಮನಿಗೆ ತಾಗಿದ ಒಂದರಿಂದ ಮೂರು ಸಾಲು ಕೋಶಗಳಲ್ಲಿ ಮಾತ್ರ ಕಾಣುತ್ತದೆ. ಡಿಇಎನ್ ನಂತರ ಫಿನೋಬಾರ್ಬಿಟಾಲ್ ಕೊಟ್ಟ ಸುಂಡಿಲಿಗಳ ಗೆಡ್ಡೆಗಳಲ್ಲಿ ಬಹುಪಾಲು ಇದಕ್ಕೆ ಪಾಸಿಟಿವ್. ಹಾಗಾದರೆ ಅವು ಕೇಂದ್ರದ ಕೋಶಗಳಿಂದ ಬಂದವೇ? ಹಾಗೆ ಹೇಳಲಾಗದು. ಫಿನೋಬಾರ್ಬಿಟಾಲ್ ಇದ್ದಾಗ ಬೀಟಾ-ಕೆಟೆನಿನ್ ಎಂಬ ಜೀನಿನಲ್ಲಿ ಮ್ಯುಟೇಶನ್ ಇರುವ ಕೋಶಗಳು ಗೆಲ್ಲುತ್ತವೆ, ಬೀಟಾ-ಕೆಟೆನಿನ್ ಎಲ್ಲಿ ಚಾಲೂ ಆದರೂ ಗ್ಲುಟಮಿನ್ ಸಿಂಥಟೇಸ್ ಹೊತ್ತಿಕೊಳ್ಳುತ್ತದೆ. ಫಿನೋಬಾರ್ಬಿಟಾಲ್ ಇಲ್ಲದೆ ಡಿಇಎನ್ ಮಾತ್ರ ಕೊಟ್ಟರೆ ಗೆಲ್ಲುವುದು ಎಚ್‌ರಾಸ್ ಅಥವಾ ಬಿರಾಫ್ ಜೀನಿನಲ್ಲಿ ಮ್ಯುಟೇಶನ್ ಇರುವ ಕೋಶಗಳು, ಆ ಗೆಡ್ಡೆಗಳು ನೆಗೆಟಿವ್. ಗೆಡ್ಡೆಯಲ್ಲಿ ಸಿಕೆ19 ಎಂಬ ನಾಳದ ಪ್ರೋಟೀನ್ ಕಂಡರೆ ನಾಳದ ಮೂಲ ಎನ್ನುವ ವಾದಕ್ಕೂ ಇದೇ ಗತಿ. ಹೆಪಟೊಸೈಟ್ ತನ್ನ ಗುಣ ಕಳೆದುಕೊಳ್ಳುತ್ತಾ ಹೋದಂತೆ ಭ್ರೂಣದ ಮತ್ತು ನಾಳದ ಪ್ರೋಟೀನುಗಳನ್ನು ತೋರಿಸಬಲ್ಲದು.

ಹೆಪಟೊಸೈಟ್ ಎಂದು ಎಲ್ಲೆಡೆ ಬರೆದುಬಿಡಬಾರದು ಎನ್ನುವುದಕ್ಕೆ ಲಿವರಿನದೇ ಬೇರೆ ಗೆಡ್ಡೆಗಳಿವೆ. 1,2-ಡೈಮಿಥೈಲ್‌ಹೈಡ್ರಜಿನ್ ಕೊಟ್ಟ ಇಲಿಗಳ ಲಿವರಿನಲ್ಲಿ ರಕ್ತನಾಳದ ಒಳಪದರದ ಗೆಡ್ಡೆ ಬರುತ್ತದೆ. ವಿಷ ಸಿದ್ಧವಾಗುವುದು ಹೆಪಟೊಸೈಟ್‌ನಲ್ಲಿ, ಗೆಡ್ಡೆ ಪಕ್ಕದ ಮನೆಯಲ್ಲಿ. 1980ರಲ್ಲಿ ಲೂಯಿಸ್ ಮತ್ತು ಸ್ವೆನ್‌ಬರ್ಗ್ ಎರಡೂ ಬಗೆಯ ಕೋಶಗಳನ್ನು ಬೇರ್ಪಡಿಸಿ ಅಳೆದಾಗ ಕಾರಣ ತಿಳಿಯಿತು: ಓ6-ಮಿಥೈಲ್‌ಗ್ವಾನಿನ್ ಎಂಬ ಹಾನಿಯನ್ನು ಹೆಪಟೊಸೈಟ್ ಚುರುಕಾಗಿ ರಿಪೇರಿ ಮಾಡುತ್ತದೆ, ಉಳಿದ ಕೋಶಗಳು ನಿಧಾನ, ಅಲ್ಲಿ ಅದು ಕೂಡಿಕೊಳ್ಳುತ್ತಾ ಹೋಗುತ್ತದೆ. ಡಿಇಎನ್‌ನಲ್ಲಿ ಹೆಪಟೊಸೈಟ್ ಸಿಕ್ಕಿಬೀಳುವುದು ಬೇರೊಂದು ಹಾನಿಯಿಂದ, ಅಂದರೆ ಅದು ಚೆನ್ನಾಗಿ ರಿಪೇರಿ ಮಾಡಲಾರದ ಓ4-ಇಥೈಲ್‌ಥೈಮಿನ್‌ನಿಂದ. ವೈನೈಲ್ ಕ್ಲೋರೈಡ್ ಕೂಡ ಹೆಪಟೊಸೈಟ್‌ನಲ್ಲೇ ಸಕ್ರಿಯವಾಗುತ್ತದೆ, ಆದರೆ ಅದು ತರುವ ವಿಶಿಷ್ಟ ಗೆಡ್ಡೆ ಆಂಜಿಯೋಸಾರ್ಕೋಮ, ಅಂದರೆ ರಕ್ತನಾಳದ ಒಳಪದರದ ಕ್ಯಾನ್ಸರ್. 1974ರಲ್ಲಿ ಅಮೆರಿಕದ ಲೂಯಿವಿಲ್‌ನ ಪಿವಿಸಿ ಕಾರ್ಖಾನೆಯ ಕಾರ್ಮಿಕರಲ್ಲಿ ಅದು ಪತ್ತೆಯಾಯಿತು.

ಥಯೊಅಸಿಟಮೈಡ್‌ನಿಂದ ಬರುವ ಪಿತ್ತನಾಳದ ಕ್ಯಾನ್ಸರಿನಲ್ಲಿ ಜಗಳ ಇನ್ನೂ ಮುಗಿದಿಲ್ಲ. 2012ರಲ್ಲಿ ಜಪಾನಿನ ಗುಂಪೊಂದು ನಾಚ್ ಎಂಬ ಕೋಶಸಂಕೇತದ ಒತ್ತಡದಲ್ಲಿ ಹೆಪಟೊಸೈಟ್‌ಗಳೇ ನಾಳದಂಥ ಗೆಡ್ಡೆಯಾಗುತ್ತವೆ ಎಂದು ತೋರಿಸಿತು. ಎರಡು ವರ್ಷದ ನಂತರ ಇನ್ನೊಂದು ಗುಂಪು, ಪಿತ್ತನಾಳ ಕೋಶಗಳಲ್ಲಿ ಪಿ53 ಎಂಬ ಕ್ಯಾನ್ಸರ್ ತಡೆಯುವ ಜೀನನ್ನು ತೆಗೆದು ಅದೇ ರಾಸಾಯನಿಕ ಕೊಟ್ಟು, ಗೆಡ್ಡೆ ನಾಳದಿಂದಲೇ ಬಂತು ಎಂದಿತು. ಎರಡೂ ನಿಜವಿರಬಹುದು. ಪಿ53 ತೆಗೆದ ಕೋಶಕ್ಕೆ ಮುಂದೆ ಬರುವ ಅವಕಾಶವನ್ನು ಪ್ರಯೋಗವೇ ಕೊಟ್ಟಿರುತ್ತದೆ.

ಮನುಷ್ಯರಲ್ಲಿ ಬಣ್ಣ ಹಾಕಲಾಗುವುದಿಲ್ಲ, ವಿಷ ಬಿಟ್ಟುಹೋದ ಗೀರುಗಳನ್ನು ಓದಬೇಕು. ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಬಿ1 ಲಿವರಿನ ಸಿವೈಪಿ3ಎ4, ಸಿವೈಪಿ1ಎ2 ಕಿಣ್ವಗಳಿಂದ ಎಪಾಕ್ಸೈಡ್ ಆಗಿ ಗ್ವಾನಿನ್‌ಗೆ ಅಂಟುತ್ತದೆ. ಪಿ53 ಜೀನಿನ 249ನೇ ಕೋಡಾನಿನಲ್ಲಿ ಎಜಿಜಿ ಹೋಗಿ ಎಜಿಟಿ ಆಗುವುದು ಅದರ ಹೆಜ್ಜೆಗುರುತು ಎಂದು 1991ರಲ್ಲಿ ಚೀನಾ ಮತ್ತು ದಕ್ಷಿಣ ಆಫ್ರಿಕಾ ಭಾಗದ ರೋಗಿಗಳ ಗೆಡ್ಡೆಗಳಿಂದ ತಿಳಿಯಿತು. ಇದರ ಜೊತೆಗೆ, ಕ್ರೊಮ್ಯಾಟಿನ್ (ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ) ಬಿಗಿಯಾಗಿ ಮುಚ್ಚಿರುವ ಕಡೆ ಮ್ಯುಟೇಶನ್ ಹೆಚ್ಚು ಕೂಡಿಕೊಳ್ಳುತ್ತದೆ, ಆ ಬಿಗಿತದ ನಕ್ಷೆ ಕೋಶದಿಂದ ಕೋಶಕ್ಕೆ ಬೇರೆ. ಮನುಷ್ಯರ ಹೆಪಟೊಸೆಲ್ಯುಲರ್ ಕಾರ್ಸಿನೋಮದ ಮ್ಯುಟೇಶನ್ ಹಂಚಿಕೆ ಹೆಪಟೊಸೈಟ್ ನಕ್ಷೆಗೆ ಹೊಂದುತ್ತದೆ.

ಮತ್ತೆ ನಿಮ್ಮ ಸ್ಲೈಡುಗಳಿಗೆ. ಜಿಎಸ್‌ಟಿ-ಪಿ ಬಗ್ಗೆ ಒಂದು ಎಚ್ಚರಿಕೆ: ಇಲಿಯ ಆರೋಗ್ಯವಂತ ಪಿತ್ತನಾಳವೂ ಅದಕ್ಕೆ ಪಾಸಿಟಿವ್. ಪೋರ್ಟಲ್ ಜಾಗದ ಪಕ್ಕ ಒಂಟಿಯಾಗಿ ಕಂದುಬಣ್ಣ ಕಂಡ ಕೋಶ ಬದಲಾದ ಹೆಪಟೊಸೈಟ್ ಇರಬಹುದು, ಓರೆಯಾಗಿ ಕತ್ತರಿಸಿದ ನಾಳದ ತುದಿಯೂ ಇರಬಹುದು. ಜಿಎಸ್‌ಟಿ-ಪಿ ಜೊತೆಗೆ ಅದೇ ಸ್ಲೈಡಿನಲ್ಲಿ ಸಿಕೆ19 ಅಥವಾ ಓವಿ6 (ನಾಳದ, ಓವಲ್ ಕೋಶಗಳ ಗುರುತುಗಳು) ಎರಡನೇ ಬಣ್ಣದಲ್ಲಿ ಮಾಡಿ. ಪಕ್ಕದ ಸ್ಲೈಡುಗಳನ್ನು ಜೋಡಿಸಿ ಊಹಿಸಿದರೆ ಸಾಲದು, ಓವಲ್ ಕೋಶ ಅಷ್ಟು ಚಿಕ್ಕದು. ಗಂಟುಗಳನ್ನು ಎಣಿಸುವಾಗ 0.2 ಮಿ.ಮೀ. ಮತ್ತು ಮೇಲ್ಪಟ್ಟ ವ್ಯಾಸದವನ್ನು ಮಾತ್ರ, ಪ್ರತಿ ಚದರ ಸೆಂ.ಮೀ.ಗೆ ಇಷ್ಟು ಎಂದು ಕೊಡುವುದು ರೂಢಿ. ಗಂಟುಗಳಲ್ಲಿ ಬಹುಪಾಲು ತಿಂಗಳುಗಳಲ್ಲಿ ಸುತ್ತಲಿನ ಲಿವರಿನಂತೆಯೇ ಆಗಿ ಕರಗಿಹೋಗುತ್ತವೆ. ನಾಲ್ಕನೇ ವಾರದ ಗಂಟನ್ನು ಕ್ಯಾನ್ಸರಿನ ಮೊದಲ ಹಂತ ಎಂದು ಸಲೀಸಾಗಿ ಬರೆಯಬೇಡಿ. ಹೆಪಟೆಕ್ಟಮಿ ಹೊತ್ತಿಗೆ 2-ಎಎಎಫ್ ಒಂದು ವಾರ ಹೊಟ್ಟೆಗೆ ಹೋಗಿರದ ಪ್ರಾಣಿಗಳನ್ನು ಲೆಕ್ಕದಿಂದ ಹೊರಗಿಡಿ. ಅವುಗಳಲ್ಲಿ ಸಾಮಾನ್ಯ ಹೆಪಟೊಸೈಟ್‌ಗಳೇ ಲಿವರನ್ನು ತುಂಬಿಕೊಂಡಿರುತ್ತವೆ, ಗಂಟೂ ಓವಲ್ ಕೋಶವೂ ಎರಡೂ ಕಡಿಮೆ ಇರುತ್ತವೆ, ಅದನ್ನು ನೋಡಿ ಒಂದಕ್ಕೊಂದು ಸಂಬಂಧ ಇದೆ ಎಂದು ಅನಿಸಿಬಿಡುತ್ತದೆ.

ಪ್ರಬಂಧದ ವಾಕ್ಯ ಹೀಗಿರಲಿ: "ಗಂಟಿನ ಕೋಶಗಳು ರೂಪದಲ್ಲಿ ಹೆಪಟೊಸೈಟ್‌ಗಳನ್ನು ಹೋಲುತ್ತವೆ, ಸಿಕೆ19 ನೆಗೆಟಿವ್ ಆಗಿವೆ, ಇದು ಸುಂಡಿಲಿಗಳ ವಂಶ ಗುರುತಿನ ಅಧ್ಯಯನಗಳಿಗೆ ಹೊಂದುತ್ತದೆ. ಈ ಪ್ರಯೋಗದಲ್ಲಿ ಮೂಲವನ್ನು ನೇರವಾಗಿ ಪರೀಕ್ಷಿಸಿಲ್ಲ." ಎರಡೂ ಬಣ್ಣ ಒಟ್ಟಿಗೆ ತೋರಿಸುವ ಕೋಶಗಳು ಗಂಟಿನ ಅಂಚಿನಲ್ಲಿ ಸಿಕ್ಕರೆ ಬಿಡದೆ ಎಣಿಸಿ, ಚಿತ್ರದ ಸಮೇತ ಕೊಡಿ. ಹೆಪಟೊಸೈಟ್ ನಾಳದತ್ತ ವಾಲುತ್ತಿದೆಯೋ, ನಾಳದ ಕೋಶ ಹೆಪಟೊಸೈಟ್‌ನತ್ತ ವಾಲುತ್ತಿದೆಯೋ ಎಂದು ಒಂದೇ ದಿನದ ಸ್ಲೈಡಿನಿಂದ ಹೇಳಲಾಗುವುದಿಲ್ಲ. 3ನೇ, 5ನೇ, 8ನೇ ವಾರದ ಬ್ಲಾಕುಗಳು (ಮೇಣದಲ್ಲಿಟ್ಟ ಲಿವರ್ ತುಣುಕುಗಳು) ಕಪಾಟಿನಲ್ಲಿದ್ದರೆ ಮೂರನ್ನೂ ಒಂದೇ ದಿನ, ಒಂದೇ ಬ್ಯಾಚಿನಲ್ಲಿ ಸ್ಟೇನ್ ಮಾಡಿ.